ಗೊತ್ತಿದ್ದೂ ಕೇಳಿದರು

ಚೆನ್ನಾಗಿ ಮಾತನಾಡಲು ಕಲಿಯಬೇಕೆಂದರೆ ಹಲವರಿಗೆ ವೇದಿಕೆಯ ಭಾಷಣಕಾರರು ನೆನಪಾಗುತ್ತಾರೆ. ಮನೆಯ ಮಾತುಕತೆ ಬೇರೆಯೇ ವಿದ್ಯೆ. ಅದರ ಪಾಠಕ್ಕೆ ಸಂತ ಲೂಕನ ಶುಭಸಂದೇಶದ 24ನೇ ಅಧ್ಯಾಯವನ್ನು ತೆರೆಯೋಣ.

ಪುನರುತ್ಥಾನದ ದಿನ. ಶಿಷ್ಯರಿಬ್ಬರು ಜೆರುಸಲೇಮನ್ನು ಬಿಟ್ಟು ಸುಮಾರು 11 ಕಿಲೋಮೀಟರು ದೂರದ ಎಮ್ಮಾವು ಎಂಬ ಊರಿಗೆ ಹೊರಟಿದ್ದಾರೆ. ಮನಸ್ಸು ಕುಗ್ಗಿದೆ. ಯೇಸುಸ್ವಾಮಿ ಅಪರಿಚಿತರಂತೆ ಬಂದು ಜೊತೆಗೂಡುತ್ತಾರೆ. ‘ಹಿಂದಿರುಗಿ’ ಎನ್ನುವುದಿಲ್ಲ. ಅವರು ಹೋಗುವ ದಿಕ್ಕಿನಲ್ಲೇ ಹೆಜ್ಜೆಹಾಕುತ್ತಾ, ಏನು ಮಾತನಾಡಿಕೊಳ್ಳುತ್ತಿದ್ದೀರಿ ಎಂದು ವಿಚಾರಿಸುತ್ತಾರೆ. ಕ್ಲಿಯೋಫನ ಉತ್ತರ ಸ್ವಲ್ಪ ಒರಟು. ಊರಿಗೆಲ್ಲಾ ತಿಳಿದದ್ದು ನಿನಗೊಬ್ಬನಿಗೇ ತಿಳಿಯದೇ ಎಂಬ ಧಾಟಿ. ನಡೆದದ್ದೆಲ್ಲ ಅವರ ಮೈಮೇಲೆಯೇ ನಡೆದಿತ್ತು! ಆದರೂ ‘ನನಗೆಲ್ಲಾ ಗೊತ್ತು’ ಎನ್ನಲಿಲ್ಲ. ಏನದು ಎಂದು ಇನ್ನೊಂದು ಪುಟ್ಟ ಪ್ರಶ್ನೆ ಹಾಕಿ ಸುಮ್ಮನಾದರು. ಶಿಲುಬೆಯ ಮರಣ, ಕೈಗೂಡದ ನಿರೀಕ್ಷೆ, ಮುಂಜಾನೆ ಸಮಾಧಿಗೆ ಹೋಗಿದ್ದ ಮಹಿಳೆಯರು ತಂದ ಸುದ್ದಿ, ಎಲ್ಲವನ್ನೂ ಅವರು ಹೇಳಿಕೊಂಡರು. ಲೂಕನು ಅದಕ್ಕೆ ಐದಾರು ವಚನಗಳನ್ನೇ ಬಿಟ್ಟುಕೊಟ್ಟಿದ್ದಾನೆ. ಅದು ಮುಗಿದ ಮೇಲೆಯೇ ಯೇಸುವಿನ ಬೋಧನೆ. ಆಗ ಗದರಿಸಿಯೂ ಗದರಿಸಿದರು. ಬುದ್ಧಿಮಾತಿಗೂ ಸ್ಥಳವಿದೆ, ಅದರ ಸರದಿ ಮಾತ್ರ ಕೊನೆಯದು.

ನಮ್ಮ ಕನ್ನಡದಲ್ಲಿ ‘ಕೇಳು’ ಎಂದರೆ ಪ್ರಶ್ನಿಸು ಎಂದೂ ಆಗುತ್ತದೆ, ಆಲಿಸು ಎಂದೂ ಆಗುತ್ತದೆ. ಮನೆಗಳಲ್ಲಿ ಮೊದಲನೆಯದು ಧಾರಾಳ, ಎರಡನೆಯದಕ್ಕೇ ಬರ. ಮಗಳು ಕಾಲೇಜಿನಿಂದ ಬಂದು, “ನಾಳೆಯಿಂದ ನಾನು ಹೋಗಲ್ಲಮ್ಮ” ಎನ್ನುತ್ತಾಳೆ. “ಫೀಸು ಕಟ್ಟಿದ್ದು ಯಾರು? ನಿಮ್ಮಪ್ಪ ಬರಲಿ ಇರು!” ಎಂದು ತಾಯಿ. ಮಾತು ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಯಾರಾದರೂ ಪೀಡಿಸಿದರೇ, ಪರೀಕ್ಷೆಯಲ್ಲಿ ನಪಾಸಾದಳೇ, ಯಾವುದೂ ಹೊರಬರಲಿಲ್ಲ. ಇದಕ್ಕಿಂತ ದೊಡ್ಡ ಸಂಕಟ ಬಂದಾಗ ಆಕೆ ಯಾರ ಬಳಿ ಹೇಳಿಕೊಂಡಾಳು? ಕೈಯಲ್ಲಿನ ಮೊಬೈಲನ್ನು ಪಕ್ಕಕ್ಕಿಟ್ಟು, “ಯಾಕೆ ಕಂದಾ, ಏನಾಯ್ತು?” ಎಂದು ಕಾಯಲು ಎಷ್ಟು ಹೊತ್ತು ಬೇಕು?

ಗಂಡಹೆಂಡಿರ ನಡುವೆಯೂ ಹೀಗೆಯೇ. ಪೋಪ್ ಫ್ರಾನ್ಸಿಸ್ ಅವರು 2016ರ ‘ಅಮೋರಿಸ್ ಲೆತೀಸಿಯಾ’ ಪತ್ರದಲ್ಲಿ, ಸಂಗಾತಿಗೆ ಅನೇಕ ವೇಳೆ ಬೇಕಿರುವುದು ಪರಿಹಾರವಲ್ಲ, ಕೇಳಿಸಿಕೊಳ್ಳುವ ಕಿವಿ ಎಂಬರ್ಥದ ಮಾತು ಹೇಳಿದ್ದಾರೆ. ಸೊಂಟನೋವೆಂದ ಹೆಂಡತಿಗೆ ತಕ್ಷಣ ಮುಲಾಮಿನ ಹೆಸರು ಹೇಳಿ ಪತ್ರಿಕೆಗೆ ಮರಳುವ ಗಂಡಂದಿರು ಇದನ್ನು ಎರಡು ಸಲ ಓದಲಿ.

ಎಮ್ಮಾವಿನ ಸಂಭಾಷಣೆ ನಡೆದದ್ದು ದಾರಿಯಲ್ಲಿ ಎಂಬುದನ್ನೂ ಗಮನಿಸಿ. ಹದಿಹರೆಯದ ಮಗನನ್ನು ಎದುರಿಗೆ ಕೂರಿಸಿ ‘ಹೇಳು’ ಎಂದರೆ ಮನೆ ಪೊಲೀಸ್ ಠಾಣೆಯಾಗುತ್ತದೆ. ಅದೇ ಹುಡುಗ ಜೊತೆಯಲ್ಲಿ ಅಂಗಡಿಗೆ ನಡೆಯುವಾಗ, ಅವರೆಕಾಯಿ ಬಿಡಿಸುವಾಗ, ಯಾರೂ ಕೇಳದಿದ್ದರೂ ಬಾಯಿಬಿಡುತ್ತಾನೆ. ಅರ್ಧಕ್ಕೆ ನಿಲ್ಲಿಸಿದರೆ ಕೆದಕಬೇಡಿ. ಊರು ಹತ್ತಿರವಾದಾಗ ಯೇಸು ಮುಂದೆ ಹೋಗುವವರಂತೆ ಹೆಜ್ಜೆಹಾಕಿದರು. ಉಳಿಯಬೇಕೆಂದು ಒತ್ತಾಯಿಸಿದವರು ಆ ಇಬ್ಬರೇ.

ಈ ವಾರ ಒಂದು ಸಂಜೆ ಜಪಸರವಾದ ಮೇಲೆ ಲೂಕ 24:13-35ನ್ನು ಮನೆಯವರೆಲ್ಲ ಕೂಡಿ ಓದಿ. ಹಿರಿಯರು ವಿವರಣೆಗೆ ಇಳಿಯುವುದು ಬೇಡ. ಯಾವ ಭಾಗ ಹಿಡಿಸಿತೆಂದು ಮನೆಯ ಅತಿ ಕಿರಿಯರಿಂದ ಆರಂಭಿಸಿ ಕೇಳಿ.