ಮಣಿಕಟ್ಟಿನ ಆರೋಗ್ಯಮಾಪಕ: ಆಯ್ಕೆ ಮತ್ತು ಬಳಕೆ

ಶರೀರದ ಆರೋಗ್ಯವೇ ಸಕಲ ಸಾಧನೆಗಳಿಗೂ ಮೂಲವೆಂಬುದು ನಮ್ಮ ಹಿರಿಯರು ಬಹುಹಿಂದೆಯೇ ಕಂಡುಕೊಂಡ ಸತ್ಯ. ಆದರೆ ಆ ಆರೋಗ್ಯವನ್ನು ಅಳೆಯುವ ಉಪಕರಣಗಳು ಬಹುಕಾಲ ವೈದ್ಯರ ಕೊಠಡಿಯಲ್ಲಿಯೇ ಉಳಿದಿದ್ದವು. ಇಂದು ಕೈಗಡಿಯಾರದಷ್ಟೇ ದೊಡ್ಡದಾದ ಒಂದು ಸಾಧನವು ಮಣಿಕಟ್ಟಿನ ಮೇಲೆ ಕುಳಿತು, ನಡೆದ ಹೆಜ್ಜೆಗಳನ್ನೂ ನಾಡಿಯ ಬಡಿತವನ್ನೂ ನಿದ್ರಿಸಿದ ಗಂಟೆಗಳನ್ನೂ ಹಗಲಿರುಳು ದಾಖಲಿಸುತ್ತಿದೆ. ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್ ವಾಚ್ ಎಂಬ ಹೆಸರುಗಳಿಂದ ಪರಿಚಿತವಾಗಿರುವ ಇದನ್ನು ಶಿಕ್ಷಕರೂ ಧರಿಸುತ್ತಿದ್ದಾರೆ; ದೂರದ ಊರುಗಳಲ್ಲಿ ನೆಲೆಸಿದ ಮಕ್ಕಳು ವಯಸ್ಸಾದ ತಂದೆತಾಯಿಗಳಿಗೆ ಉಡುಗೊರೆಯಾಗಿ ಕಳುಹಿಸುವುದೂ ಉಂಟು.

ಕೊಂಡವರಲ್ಲಿ ಕೆಲವರು ಅದು ತೋರಿಸುವ ಪ್ರತಿಯೊಂದು ಅಂಕಿಯನ್ನೂ ವೈದ್ಯರ ವರದಿಯೆಂದೇ ನಂಬುತ್ತಾರೆ. ಮತ್ತೆ ಕೆಲವರು ಒಂದು ಅಂಕಿ ತಪ್ಪೆಂದು ಕಂಡೊಡನೆ ಅದನ್ನು ಮೇಜಿನ ಖಾನೆಗೆ ಸೇರಿಸಿಬಿಡುತ್ತಾರೆ. ಈ ಎರಡು ಅತಿರೇಕಗಳಿಗೂ ಕಾರಣ ಒಂದೇ. ಈ ಯಂತ್ರವು ಯಾವುದನ್ನು ನಿಜವಾಗಿ ಅಳೆಯುತ್ತದೆ, ಯಾವುದನ್ನು ಕೇವಲ ಅಂದಾಜು ಮಾಡುತ್ತದೆ ಎಂಬ ಭೇದವನ್ನು ಅರಿಯದಿರುವುದೇ ಆ ಕಾರಣ. ಆ ಭೇದವನ್ನು ತಿಳಿಸಿ, ಅದರ ಆಧಾರದ ಮೇಲೆ ಆಯ್ಕೆಯ ಹಾಗೂ ಬಳಕೆಯ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಳೆದುಬಂದ ಬಗೆ

ಹೆಜ್ಜೆ ಎಣಿಸುವ ಯಂತ್ರದ ಕಲ್ಪನೆ ಹೊಸದಲ್ಲ. ಆದರೆ ಅದು ಜನಸಾಮಾನ್ಯರ ಕೈಸೇರಿದ್ದು 1964ರ ಟೋಕಿಯೋ ಒಲಿಂಪಿಕ್ಸ್ ಕ್ರೀಡೆಗಳ ಮರುವರ್ಷ. 1965ರಲ್ಲಿ ಜಪಾನಿನ ಯಮಸಾ ಸಂಸ್ಥೆಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಮಾಪಕವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಮನ್ಪೊ-ಕೇ, ಅಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಇಂದು ಎಲ್ಲರ ಬಾಯಲ್ಲಿಯೂ ಇರುವ ‘ದಿನಕ್ಕೆ ಹತ್ತು ಸಾವಿರ ಹೆಜ್ಜೆ’ ಎಂಬ ಗುರಿ ಹರಡಿದ್ದು ಹೀಗೆ ಒಂದು ಸರಕಿನ ಹೆಸರಿನಿಂದಲೇ ಹೊರತು ವೈದ್ಯಕೀಯ ಸಂಶೋಧನೆಯಿಂದಲ್ಲ. 2007ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಫಿಟ್‌ಬಿಟ್ ಸಂಸ್ಥೆಯು 2009ರಲ್ಲಿ ತನ್ನ ಮೊದಲ ಸಾಧನವನ್ನು ಹೊರತಂದಿತು. 2014ರಲ್ಲಿ ಚೀನಾದ ಶಿಯೋಮಿ ಸಂಸ್ಥೆಯ ಅಗ್ಗದ ಬ್ಯಾಂಡ್, 2015ರಲ್ಲಿ ಆಪಲ್ ವಾಚ್ ಬಂದವು. ಅಲ್ಲಿಂದ ಮುಂದೆ ಈ ಸಾಧನ ಮನೆಮಾತಾಯಿತು.

ಕೆಲಸ ಮಾಡುವ ವಿಧಾನ

ಬ್ಯಾಂಡಿನೊಳಗಿರುವ ಮುಖ್ಯ ಇಂದ್ರಿಯಗಳು ಎರಡು. ಮೊದಲನೆಯದು ವೇಗೋತ್ಕರ್ಷಮಾಪಕ. ಸಿಲಿಕಾನ್ ತುಣುಕಿನೊಳಗೆ ಕೂದಲೆಳೆಗಿಂತಲೂ ಸೂಕ್ಷ್ಮವಾದ ಸ್ಪ್ರಿಂಗುಗಳಿಗೆ ಒಂದು ಅಣುಮಾತ್ರದ ಭಾರವನ್ನು ತೂಗುಹಾಕಿರುತ್ತಾರೆ. ಕೈ ಚಲಿಸಿದಾಗ ಆ ಭಾರವು ಜಡತ್ವದ ನಿಯಮದಂತೆ ಹಿಂದುಳಿಯುತ್ತದೆ. ಆ ಸ್ಥಾನಪಲ್ಲಟವು ವಿದ್ಯುತ್ ಸಂಕೇತವಾಗಿ ಪರಿಣಮಿಸುತ್ತದೆ. ನಡಿಗೆಯ ಲಯಕ್ಕೆ ಹೊಂದುವ ಸಂಕೇತಗಳನ್ನು ಯಂತ್ರವು ಹೆಜ್ಜೆಗಳೆಂದು ಎಣಿಸುತ್ತದೆ. ಆದುದರಿಂದಲೇ ಜೋಳದ ರೊಟ್ಟಿ ಬಡಿಯುವ ಕೈಯಲ್ಲಿ, ನಿಂತಲ್ಲಿಯೇ ಹೆಜ್ಜೆಗಳು ಏರಬಹುದು. ಕೈಚೀಲ ಹಿಡಿದು ಕೈಯಾಡಿಸದೆ ಸಂತೆಯಿಂದ ನಡೆದು ಬಂದವರ ಹೆಜ್ಜೆಗಳು ಲೆಕ್ಕಕ್ಕೆ ಬಾರದೆಯೂ ಹೋಗಬಹುದು.

ಎರಡನೆಯದು ಬೆಳಕಿನ ಮೂಲಕ ನಾಡಿ ನೋಡುವ ಇಂದ್ರಿಯ. ಕತ್ತಲಲ್ಲಿ ಅಂಗೈಗೆ ಟಾರ್ಚ್ ಒತ್ತಿ ಹಿಡಿದರೆ ಬೆರಳುಗಳು ಕೆಂಪಾಗಿ ಹೊಳೆಯುವುದನ್ನು ಮಕ್ಕಳೆಲ್ಲರೂ ಕಂಡಿರುತ್ತಾರೆ. ಕೆಂಪು ಬೆಳಕು ರಕ್ತವನ್ನು ಹಾದು ಹೊರಬರುತ್ತದೆ, ಹಸಿರು ಬೆಳಕನ್ನು ರಕ್ತವು ಹೀರಿಕೊಳ್ಳುತ್ತದೆ ಎಂಬುದೇ ಇದರ ರಹಸ್ಯ. ಬ್ಯಾಂಡಿನ ಅಡಿಯಲ್ಲಿ ಮಿನುಗುವ ಹಸಿರು ದೀಪಕ್ಕೆ ಇದೇ ತತ್ತ್ವ ಆಧಾರ. ಹೃದಯವು ಬಡಿದಾಗಲೆಲ್ಲ ಚರ್ಮದಡಿಯ ರಕ್ತ ಹೆಚ್ಚುತ್ತದೆ, ಮರಳಿ ಬರುವ ಹಸಿರು ಬೆಳಕು ಕುಗ್ಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿಯ ಬಡಿತ ದೊರೆಯುತ್ತದೆ. ರಕ್ತದಲ್ಲಿನ ಆಮ್ಲಜನಕವನ್ನು ಹೇಳುವ ಸಾಧನಗಳು ಕೆಂಪು ಹಾಗೂ ಅವಕೆಂಪು ಬೆಳಕನ್ನು ಬಳಸುತ್ತವೆ.

ಚಲನೆ ಮತ್ತು ನಾಡಿ, ಇವೆರಡೇ ಸಾಧಾರಣ ಬ್ಯಾಂಡೊಂದು ನೇರವಾಗಿ ಗ್ರಹಿಸುವ ಮುಖ್ಯ ಸಂಗತಿಗಳು. ವ್ಯಯವಾದ ಕ್ಯಾಲೊರಿ, ಗಾಢನಿದ್ರೆಯ ಅವಧಿ, ಮನಸ್ಸಿನ ಒತ್ತಡ ಇತ್ಯಾದಿಗಳೆಲ್ಲವೂ ಇವುಗಳಿಂದ ಲೆಕ್ಕಹಾಕಿ ತೆಗೆದ ಅಂದಾಜುಗಳು.

ಅಂಕಿಗಳ ಯೋಗ್ಯತೆ

ಈ ಅಂದಾಜುಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ಅವರು 60 ಜನ ಸ್ವಯಂಸೇವಕರ ಮೇಲೆ 7 ಬಗೆಯ ಸಾಧನಗಳನ್ನು ಪರೀಕ್ಷಿಸಿದರು. ಹೃದಯಬಡಿತದಲ್ಲಿ 7ರ ಪೈಕಿ 6 ಸಾಧನಗಳ ದೋಷವು ಶೇಕಡಾ 5ರೊಳಗಿತ್ತು. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ ಅತ್ಯುತ್ತಮವಾದುದೇ ಸರಾಸರಿ ಶೇಕಡಾ 27ರಷ್ಟು ತಪ್ಪಿತು. ಅತಿ ಕಳಪೆಯಾದುದು ಶೇಕಡಾ 93ರಷ್ಟು. ಬ್ಯಾಂಡಿನ ಕ್ಯಾಲೊರಿಯನ್ನು ನಂಬಿ ‘ಇಷ್ಟು ಕರಗಿದೆ, ಇಷ್ಟು ತಿನ್ನಬಹುದು’ ಎಂದು ಊಟದ ಲೆಕ್ಕ ಹಾಕುವುದು ಎಷ್ಟು ಅಪಾಯಕರವೆಂಬುದನ್ನು ಇದರಿಂದ ಊಹಿಸಬಹುದು.

ನಿದ್ರೆಯ ವಿಷಯದಲ್ಲಿ ಒಟ್ಟು ಅವಧಿಯನ್ನು ಬ್ಯಾಂಡುಗಳು ಸುಮಾರಾಗಿ ಸರಿಯಾಗಿ ಹೇಳುತ್ತವೆ. ನಿದ್ರೆಯ ಹಂತಗಳ ವಿಭಜನೆ ಅಷ್ಟು ವಿಶ್ವಾಸಾರ್ಹವಲ್ಲ. ಇನ್ನು ಸೂಜಿ ಚುಚ್ಚದೆ ರಕ್ತದ ಸಕ್ಕರೆಯನ್ನು ಅಳೆಯುತ್ತೇವೆಂದು ಸಾರುವ ಗಡಿಯಾರಗಳನ್ನೂ ಉಂಗುರಗಳನ್ನೂ ಬಳಸಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಎಚ್ಚರಿಸಿತು. ಮಧುಮೇಹಿಗಳು ಇಂತಹ ಅಂಕಿಯನ್ನು ನಂಬಿ ಇನ್ಸುಲಿನ್ ಪ್ರಮಾಣವನ್ನು ಬದಲಿಸಿದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ರಕ್ತದೊತ್ತಡಕ್ಕೆ ತೋಳಿಗೆ ಸುತ್ತುವ ಮಾಪಕವೇ ಇಂದಿಗೂ ಪ್ರಮಾಣ.

ಆಯ್ಕೆಯ ಕ್ರಮ

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದರಲ್ಲಿ ಏನೇನಿದೆ?’ ಎಂಬುದಲ್ಲ, ‘ನನಗೆ ಯಾವ ಅಂಕಿ ಬೇಕು, ಅದರಿಂದ ನಾನು ಏನು ಮಾಡುವೆ?’ ಎಂಬುದು. ಹೆಚ್ಚು ನಡೆಯಬೇಕೆಂಬ ಒಂದೇ ಗುರಿಯುಳ್ಳವರಿಗೆ ಕೆಲವೇ ಸಾವಿರ ರೂಪಾಯಿಗಳ ಸರಳ ಬ್ಯಾಂಡ್ ಧಾರಾಳವಾಗಿ ಸಾಕು. ಓಟ ಅಥವಾ ಸೈಕಲ್ ಸವಾರಿಯ ಅಭ್ಯಾಸವುಳ್ಳವರಿಗೆ ದೂರ ಅಳೆಯುವ ಜಿಪಿಎಸ್ ಬೇಕಾಗುತ್ತದೆ. ಅದು ಬ್ಯಾಂಡಿನಲ್ಲಿಯೇ ಇದೆಯೇ ಅಥವಾ ಮೊಬೈಲನ್ನು ಜೊತೆಗೆ ಒಯ್ಯಬೇಕೇ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಹೃದಯದ ಲಯ ತಪ್ಪುವ ತೊಂದರೆಯುಳ್ಳವರು ಇಸಿಜಿ ಸೌಲಭ್ಯವಿರುವ ಗಡಿಯಾರವನ್ನು ವೈದ್ಯರ ಸಲಹೆ ಪಡೆದ ಮೇಲೆಯೇ ಕೊಳ್ಳುವುದು ಲೇಸು.

ಇದಲ್ಲದೆ ಗಮನಿಸಬೇಕಾದ ಅಂಶಗಳು ಹೀಗಿವೆ:

1. ವಿದ್ಯುತ್ಕೋಶ: ಸರಳ ಬ್ಯಾಂಡುಗಳು ಒಮ್ಮೆ ಚಾರ್ಜ್ ಮಾಡಿದರೆ ಸಾಮಾನ್ಯವಾಗಿ ಒಂದೆರಡು ವಾರ ಬಾಳುತ್ತವೆ, ದುಬಾರಿ ಸ್ಮಾರ್ಟ್ ವಾಚುಗಳಲ್ಲಿ ಅನೇಕವು ಒಂದೆರಡು ದಿನ ಮಾತ್ರ. ದಿನವೂ ಕಳಚಬೇಕಾದ ಸಾಧನವನ್ನು ಮರಳಿ ಧರಿಸಲು ಮರೆಯುವುದು ಸಹಜ.

2. ನೀರಿನ ನಿರೋಧ: ‘5 ಎಟಿಎಂ’ ಎಂದರೆ 50 ಮೀಟರ್ ಆಳದ ನಿಶ್ಚಲ ನೀರಿನ ಒತ್ತಡವನ್ನು ತಾಳಬಲ್ಲದೆಂದು ಅರ್ಥ. ಈಜುವವರು ಇದನ್ನು ಖಚಿತಪಡಿಸಿಕೊಳ್ಳಬೇಕು.

3. ಪರದೆ ಮತ್ತು ಪಟ್ಟಿ: ಬಿಸಿಲಿನಲ್ಲಿ, ಕನ್ನಡಕವಿಲ್ಲದೆ ಓದಲಾಗುವ ದೊಡ್ಡ ಅಕ್ಷರಗಳು ವಯಸ್ಸಾದವರಿಗೆ ಅವಶ್ಯ. ಪಟ್ಟಿಯು ಚರ್ಮಕ್ಕೆ ಒಗ್ಗಬೇಕು. ಚರ್ಮ ಕೆರಳಿಸುತ್ತದೆಂಬ ದೂರುಗಳಿಂದ ಫಿಟ್‌ಬಿಟ್ ಸಂಸ್ಥೆಯು 2014ರಲ್ಲಿ ತನ್ನ ಒಂದು ಮಾದರಿಯನ್ನೇ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು.

4. ಮುಂದಿನ ಖರ್ಚು: ಕೆಲವು ಸಾಧನಗಳಿಗೆ ಪ್ರತಿ ತಿಂಗಳು ಅಥವಾ ವರ್ಷ ಚಂದಾ ತೆರಬೇಕು. ಇದನ್ನು ಮೊದಲೇ ಕೇಳಿ ತಿಳಿಯಬೇಕು.

ಕೊಂಡ ಮೊದಲ ದಿನವೇ ಎರಡು ಪರೀಕ್ಷೆಗಳನ್ನು ಮಾಡಬಹುದು. ಮನಸ್ಸಿನಲ್ಲಿ ಎಣಿಸುತ್ತ 100 ಹೆಜ್ಜೆ ನಡೆದು ಬ್ಯಾಂಡಿನ ಲೆಕ್ಕದೊಡನೆ ಹೋಲಿಸುವುದು ಒಂದು. ಕುಳಿತು, ಬೆರಳುಗಳಿಂದ ನಾಡಿ ಹಿಡಿದು 30 ಸೆಕೆಂಡುಗಳ ಬಡಿತವನ್ನು ಎಣಿಸಿ, 2ರಿಂದ ಗುಣಿಸಿ ನೋಡುವುದು ಇನ್ನೊಂದು. ಈ ಎರಡರಲ್ಲಿಯೂ ಹಲವು ಬಾರಿ ದೂರ ತಪ್ಪುವ ಸಾಧನವನ್ನು ಹಿಂದಿರುಗಿಸುವುದೇ ಸರಿ.

ಬಳಕೆಯ ಕ್ರಮ

ಬ್ಯಾಂಡನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲೆ, ಜಾರದಂತೆಯೂ ರಕ್ತ ಕಟ್ಟದಂತೆಯೂ ಧರಿಸಬೇಕು. ಬರೆಯುವ ಕೈಗಿಂತ ಇನ್ನೊಂದು ಕೈ ಉತ್ತಮ; ಕಪ್ಪುಹಲಗೆಯ ಮೇಲಿನ ಬರೆಹ ಹೆಜ್ಜೆಗಳಾಗುವ ಸಂಭವ ಇದರಿಂದ ತಗ್ಗುತ್ತದೆ. ಮಣಿಕಟ್ಟಿನ ಮೇಲಿನ ಹಚ್ಚೆಯು ಬೆಳಕನ್ನು ತಡೆದು ನಾಡಿಯ ಎಣಿಕೆಯನ್ನು ಕೆಡಿಸಬಹುದು.

ಮೊದಲ ಎರಡು ವಾರ ದಿನಚರಿಯನ್ನು ಬದಲಿಸದೆ ಬ್ಯಾಂಡನ್ನು ಧರಿಸಿಕೊಂಡಿರಬೇಕು. ಆಗ ದೊರೆಯುವ ಸರಾಸರಿಯೇ ನಮ್ಮ ನಿಜವಾದ ಆರಂಭಬಿಂದು. ಉದಾಹರಣೆಗೆ, ಒಬ್ಬ ಶಿಕ್ಷಕರ ಸರಾಸರಿ 4,000 ಹೆಜ್ಜೆಗಳೆಂದಿಟ್ಟುಕೊಳ್ಳೋಣ. ಅವರು ಮರುದಿನವೇ 10,000ಕ್ಕೆ ಹಾರಿದರೆ ಮಂಡಿನೋವು ತಂದುಕೊಂಡಾರು. ಎರಡು ವಾರಕ್ಕೊಮ್ಮೆ 500 ಹೆಜ್ಜೆಗಳನ್ನು ಕೂಡಿಸುತ್ತ ಹೋದರೆ ನಾಲ್ಕು ತಿಂಗಳಲ್ಲಿ 8,000ವನ್ನು ಆಯಾಸವಿಲ್ಲದೆ ಮುಟ್ಟುತ್ತಾರೆ. ಅಷ್ಟು ಸಾಕೇ ಎಂದು ಕೆಲವರು ಶಂಕಿಸಬಹುದು. ಸರಾಸರಿ 72 ವರ್ಷ ವಯಸ್ಸಿನ 16,741 ಮಹಿಳೆಯರನ್ನು ಕುರಿತು 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಶೇಕಡಾ 41ರಷ್ಟು ಕಡಿಮೆಯಿತ್ತು. ಸುಮಾರು 7,500 ಹೆಜ್ಜೆಗಳಾಚೆ ಹೆಚ್ಚಿನ ಲಾಭವೇನೂ ಕಂಡುಬರಲಿಲ್ಲ. ವಯಸ್ಸಾದವರು ಹತ್ತು ಸಾವಿರ ತುಂಬಲಿಲ್ಲವೆಂದು ಕೊರಗಬೇಕಾದ ಕಾರಣವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮವನ್ನು ವಿಧಿಸಿದೆ. ಮಾತನಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ಬಿರುಸಿನ ನಡಿಗೆಯೇ ಮಧ್ಯಮ ಪ್ರಮಾಣ. ದಿನದ ಅಂಕಿಗಿಂತ ವಾರದ ಸರಾಸರಿಯನ್ನೂ, ಒಂದು ಮುಂಜಾನೆಯ ನಾಡಿಗಿಂತ ತಿಂಗಳುಗಳ ವಿಶ್ರಾಂತ ನಾಡಿಯ ಗತಿಯನ್ನೂ ಗಮನಿಸುವುದು ವಿವೇಕ. ಯಂತ್ರವು ಪ್ರತಿದಿನ ಒಂದೇ ಬಗೆಯಲ್ಲಿ ಸ್ವಲ್ಪ ತಪ್ಪಿದರೂ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಸರಿಯಾಗಿಯೇ ತೋರಿಸುತ್ತದೆ.

ಧರಿಸಿದ ಮಾತ್ರಕ್ಕೆ ಫಲವಿಲ್ಲವೆಂಬುದನ್ನೂ ಮರೆಯಲಾಗದು. ಅಮೆರಿಕದಲ್ಲಿ 471 ಯುವಜನರ ಮೇಲೆ ಎರಡು ವರ್ಷ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಇಂತಹ ಸಾಧನ ಧರಿಸಿದವರು ಸರಾಸರಿ 3.5 ಕಿಲೋ ತೂಕ ಇಳಿಸಿಕೊಂಡರೆ, ಧರಿಸದೆ ತಾವೇ ದಾಖಲೆ ಬರೆದಿಟ್ಟವರು 5.9 ಕಿಲೋ ಇಳಿಸಿಕೊಂಡರು.

ಮರೆಯಬಾರದ ಎಚ್ಚರಿಕೆಗಳು

ಮಣಿಕಟ್ಟಿನ ಬ್ಯಾಂಡ್ ಹೃದಯಾಘಾತವನ್ನು ಕಂಡುಹಿಡಿಯಲಾರದು. ಎದೆಯ ಬಿಗಿತ, ತೋಳಿಗೂ ದವಡೆಗೂ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಾಣಿಸಿಕೊಂಡಾಗ ‘ನಾಡಿ 78 ಇದೆ, ಚಿಂತೆಯಿಲ್ಲ’ ಎಂದು ಕಾಯುವುದು ಪ್ರಾಣಾಂತಿಕವಾಗಬಹುದು. ಆ ಹೊತ್ತಿನಲ್ಲಿ ನೋಡಬೇಕಾದುದು ಬ್ಯಾಂಡನ್ನಲ್ಲ, ಕರೆಯಬೇಕಾದುದು 108ರ ಆಂಬುಲೆನ್ಸನ್ನು. ಈ ಒಂದು ಮಾತನ್ನು ಮನೆಯ ಹಿರಿಯರಿಗೆ ಬ್ಯಾಂಡ್ ಕೊಡಿಸುವವರೆಲ್ಲರೂ ಅದರ ಜೊತೆಗೇ ಹೇಳಿಕೊಡಬೇಕು.

ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಮೊದಲಾದ ಗುಳಿಗೆಗಳನ್ನು ಸೇವಿಸುವವರಲ್ಲಿ ನಾಡಿಯು ಸಹಜವಾಗಿಯೇ ತಗ್ಗಿರುತ್ತದೆ. ಬ್ಯಾಂಡ್ ಸೂಚಿಸುವ ವ್ಯಾಯಾಮದ ನಾಡಿಮಿತಿಗಳು ಅವರಿಗೆ ಅನ್ವಯಿಸವು. ಪೇಸ್‌ಮೇಕರ್ ಅಳವಡಿಸಿಕೊಂಡವರು ಅಯಸ್ಕಾಂತವುಳ್ಳ ಗಡಿಯಾರ ಹಾಗೂ ಚಾರ್ಜರುಗಳನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿಡಬೇಕು.

ಶಾಲೆಗಳಲ್ಲಿ ಇದರ ಸ್ಥಾನ

ಮಕ್ಕಳಿಗೆಲ್ಲ ಬ್ಯಾಂಡ್ ಹಂಚಬೇಕೆಂಬ ಸದಾಶಯ ದಾನಿಗಳಲ್ಲಿ ಮೂಡುವುದು ಸಹಜ. ಆದರೆ ಈ ವಿಷಯದಲ್ಲಿ ಸ್ವಲ್ಪ ನಿಧಾನಿಸುವುದು ಒಳಿತು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಕೊಡುವುದು ಆಟದ ಮೈದಾನವೇ ಹೊರತು ಬ್ಯಾಂಡ್ ಅಲ್ಲ. ಬೆಳೆಯುವ ಮಗುವಿಗೆ ಕ್ಯಾಲೊರಿಯ ಚಿಂತೆ ಹಚ್ಚುವುದು ಹಿತವಲ್ಲ. ಮಗು ಎಲ್ಲಿತ್ತು, ಯಾವಾಗ ಮಲಗಿತು ಎಂಬ ಮಾಹಿತಿ ಬ್ಯಾಂಡಿನ ಮೂಲಕ ಕಂಪನಿಯ ಕಂಪ್ಯೂಟರುಗಳನ್ನು ಸೇರುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನು ವಿಧಿಸಿರುವುದು ಈ ಕಾರಣದಿಂದಲೇ.

ಇದರ ಬದಲು ವಿಜ್ಞಾನ ಪ್ರಯೋಗಾಲಯಕ್ಕೆ ನಾಲ್ಕಾರು ಬ್ಯಾಂಡುಗಳಿದ್ದರೆ ಅವುಗಳಿಂದ ಉತ್ತಮ ಪಾಠಗಳನ್ನು ಕಟ್ಟಬಹುದು. ವಿದ್ಯಾರ್ಥಿಗಳು ತಾವೇ ಎಣಿಸಿದ ಹೆಜ್ಜೆಗೂ ಯಂತ್ರದ ಲೆಕ್ಕಕ್ಕೂ ಇರುವ ವ್ಯತ್ಯಾಸವನ್ನು ಪಟ್ಟಿಮಾಡಲಿ. ಶೇಕಡಾವಾರು ದೋಷವನ್ನೂ ಸರಾಸರಿಯನ್ನೂ ತೆಗೆಯಲಿ. ಓಡಿದ ಮೇಲೆ ನಾಡಿ ಇಳಿಯುವ ಬಗೆಯನ್ನು ನಕ್ಷೆಯಲ್ಲಿ ಬಿಡಿಸಲಿ. ಯಂತ್ರ ಹೇಳಿದ್ದನ್ನು ಪರೀಕ್ಷಿಸಿ ನೋಡುವ ಅಭ್ಯಾಸ ಅವರಿಗೆ ಆಗಲೇ ಮೈಗೂಡುತ್ತದೆ.

ಒಟ್ಟಿನಲ್ಲಿ, ಈ ಸಾಧನವು ಒಳ್ಳೆಯ ಗುಮಾಸ್ತನಂತೆ: ದಿನದಿನದ ಲೆಕ್ಕವನ್ನು ಬೇಸರವಿಲ್ಲದೆ ಬರೆದಿಡುತ್ತದೆ. ಲೆಕ್ಕವನ್ನು ಓದಿ ನಡೆಯುವ ಯಜಮಾನಿಕೆಯೂ, ಸಂದೇಹ ಬಂದಾಗ ವೈದ್ಯರ ಬಳಿಗೆ ಹೋಗುವ ಹೊಣೆಯೂ ಧರಿಸಿದವರದೇ. ಈ ಅರಿವಿನಿಂದ ಆರಿಸಿ ಬಳಸಿದವರಿಗೆ ಅದು ಕೊಟ್ಟ ಹಣಕ್ಕೆ ತಕ್ಕ ಸೇವೆಯನ್ನು ನಿಶ್ಚಯವಾಗಿಯೂ ಸಲ್ಲಿಸುತ್ತದೆ.