ಪೆನ್ಸಿಲ್ ಕಡ್ಡಿಯೂ ವಜ್ರವೂ

ಅಕ್ಕಂದಿರೇ, ಕೈಯಲ್ಲಿ ಪೆನ್ಸಿಲ್ ಇದೆಯಲ್ಲ? ಅದರೊಳಗಿನ ಕಪ್ಪು ಕಡ್ಡಿ ನೋಡಿ. ಅದು ಗ್ರಾಫೈಟ್ ಎಂಬ ವಸ್ತು. ಅದನ್ನು ಜೇಡಿಮಣ್ಣಿನ ಜೊತೆ ಕಲಸಿ, ಸುಟ್ಟು ಕಡ್ಡಿ ಮಾಡ್ತಾರೆ. ಗ್ರಾಫೈಟ್ ಅಂದರೆ ಇಂಗಾಲ. ವಜ್ರವೂ ಇಂಗಾಲವೇ! ಒಂದು ಮೆತ್ತಗೆ, ಕಾಗದದ ಮೇಲೆ ಸವೆಯುತ್ತದೆ. ಇನ್ನೊಂದು ಕಲ್ಲನ್ನೇ ಕೊಯ್ಯುತ್ತದೆ. ಒಳಗಿನ ಕಣಗಳು ಕೂಡಿಕೊಂಡ ರೀತಿ ಬೇರೆ, ಅಷ್ಟೇ.

ಹಾಗಾದರೆ ಗ್ರಾಫೈಟನ್ನು ವಜ್ರ ಮಾಡಬಹುದೇ? ಮಾಡಬಹುದು. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ ಎಂಬುವರು ಮಾಡಿ ತೋರಿಸಿದರು. ಸ್ವೀಡನ್ ದೇಶದವರು 1953ರಲ್ಲೇ ಮಾಡಿದ್ದರು. ಆದರೆ ಹೊರಗೆ ಹೇಳದೆ ಸುಮ್ಮನಿದ್ದರು!

ಗ್ರಾಫೈಟಿನ ಜೊತೆ ಕಬ್ಬಿಣ, ನಿಕ್ಕಲ್‌ನಂಥ ಲೋಹ ಇಟ್ಟು ದೊಡ್ಡ ಯಂತ್ರದಲ್ಲಿ ಒತ್ತುತ್ತಾರೆ. ನಮ್ಮ ಮೇಲೆ ಗಾಳಿಯ ಒತ್ತಡ ಇದೆಯಲ್ಲ, ಅದರ 50,000 ಪಟ್ಟು ಒತ್ತಡ! ಶಾಖ ಸುಮಾರು 1400 ಡಿಗ್ರಿ. ಖಾನಾಪುರದ ಮಣ್ಣಿನ ಕೆಲಸ ಹೆಸರಾದದ್ದು. ಆವಿಗೆಯ ಬೆಂಕಿ ಎಷ್ಟೆಂದು ಅಲ್ಲಿನವರಿಗೆ ಗೊತ್ತು. ಮಡಕೆ ಸುಡುವ ಆವಿಗೆ ಸಾಮಾನ್ಯವಾಗಿ 1000 ಡಿಗ್ರಿ ದಾಟೋದಿಲ್ಲ. ಇಲ್ಲಿ ಲೋಹ ಕರಗುತ್ತದೆ. ಇಂಗಾಲ ಅದರೊಳಗೆ ಕರಗಿ, ವಜ್ರದ ಹರಳಾಗಿ ಕಟ್ಟುತ್ತದೆ. ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟೋದಿಲ್ಲವೇ, ಹಾಗೆ. ಸಣ್ಣ ಹರಳಿಗೆ ಕೆಲವು ನಿಮಿಷ ಸಾಕು. ಆಮೇಲೆ ಆಸಿಡ್ ಹಾಕಿ ಲೋಹವನ್ನು ತೆಗೆದುಬಿಡ್ತಾರೆ.

ಉಳಿಯೋದು ಹಳದಿ ಬಣ್ಣದ ಮರಳಿನಂಥ ಪುಡಿ. ದಾಗಿನಕ್ಕೆ ಬರೋದಿಲ್ಲ. ಇದು ದುಡಿಯುವ ವಜ್ರ.

ಬೆಳಗಾವಿಯ ಉದ್ಯಮಬಾಗ ನೋಡಿದ್ದೀರಾ? ಅಲ್ಲಿ ಎರಕದ ಕೆಲಸ, ಲೇತ್ ಕೆಲಸ ಬಹಳ. ಅಂಥ ಕಡೆ ಕಬ್ಬಿಣ ಕೊಯ್ಯಲು ವಜ್ರ ಹಾಕೋದಿಲ್ಲ. ಕಾದ ಕಬ್ಬಿಣ ವಜ್ರದ ಇಂಗಾಲವನ್ನೇ ತಿಂದುಬಿಡುತ್ತದೆ! ಕಾರ್ಬೈಡ್ ಎಂಬ ಗಟ್ಟಿ ಉಳಿಯಿಂದ ಕಬ್ಬಿಣ ಕೊಯ್ತಾರೆ. ಆ ಉಳಿ ಮೊಂಡಾದರೆ ಹರಿತ ಮಾಡೋದು ವಜ್ರದ ಚಕ್ರ.

ಕಲ್ಲಿಗಂತೂ ವಜ್ರವೇ ಬೇಕು. ಸೀರೆಗೆ ಹೆಸರಾದ ಇಳಕಲ್ಲಿನ ಕೆಂಪು ಗ್ರಾನೈಟನ್ನು ಕೊಯ್ಯುವ ಗರಗಸದ ಅಂಚಿನಲ್ಲಿ ಈ ಪುಡಿ ಇರುತ್ತದೆ. ಮನೆ ಕಟ್ಟುವಾಗ ಗೌಂಡಿ ಫರ್ಸಿ ಕೊಯ್ಯುವ ಚಕ್ರದಲ್ಲೂ ಇದೇ.

ಆ ಚಕ್ರ ತಿರುಗುವಾಗ ಬಿಳಿ ಧೂಳು ಏಳುತ್ತದಲ್ಲ, ಅಪಾಯ ಅದರದ್ದು. ಧೂಳು ವಜ್ರದ್ದಲ್ಲ, ಕಲ್ಲಿನದು. ಅದರಲ್ಲಿ ಸಿಲಿಕಾ ಇದೆ. ಕಣ್ಣಿಗೆ ಕಾಣದ ಕಣಗಳು ಪುಪ್ಪುಸದ ಒಳಗೆ ಹೋಗಿ ಅಲ್ಲೇ ಕೂರುತ್ತವೆ. ವರ್ಷಗಳ ಮೇಲೆ ದಮ್ಮು ಹತ್ತುತ್ತದೆ. ಇದಕ್ಕೆ ಸಿಲಿಕೋಸಿಸ್ ಅಂತಾರೆ. ಕೆಟ್ಟ ಪುಪ್ಪುಸವನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಕೊಯ್ಯುವವನಿಗೆ ಮಾತ್ರವಲ್ಲ, ಪಕ್ಕದಲ್ಲಿ ಬುಟ್ಟಿ ಹೊರುವವಳಿಗೂ ಬರುತ್ತದೆ. ಸೆರಗು ಮುಚ್ಚಿಕೊಂಡರೆ ಆ ಸಣ್ಣ ಧೂಳು ನಿಲ್ಲೋದಿಲ್ಲ.

ನೀರು ಬಿಡುತ್ತಾ ಕೊಯ್ದರೆ ಧೂಳು ಬಹಳ ಕಡಿಮೆ ಆಗುತ್ತದೆ, ಚಕ್ರವೂ ಕಾಯೋದಿಲ್ಲ. ಮಾಲೀಕನಿಗೂ ಲಾಭವೇ. "ನೀರು ಹಾಕಿ ಕೊಯ್ಯಿರಿ" ಅಂತ ಕೇಳಬಹುದು. ಒಣ ಧೂಳನ್ನು ಕಸಬರಿಗೆಯಿಂದ ಗುಡಿಸಬೇಡಿ, ನೀರು ಚಿಮುಕಿಸಿ ಬಳಿಯಿರಿ. ಈ ರೋಗ ಇದ್ದವರಿಗೆ ಕ್ಷಯವೂ ಬೇಗ ತಗಲುತ್ತದೆ. ಎರಡರಲ್ಲೂ ಕೆಮ್ಮು ಒಂದೇ ಥರ. ಆದ್ದರಿಂದ ಕೆಮ್ಮು ಬಿಡದೆ ದವಾಖಾನೆಗೆ ಹೋದಾಗ, ಕಲ್ಲು ಕೊಯ್ಯುವ ಕಡೆ ಎಷ್ಟು ವರ್ಷ ದುಡಿದಿದ್ದೀರಿ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ.