ಸಾವಯವ ತೊಗರಿಗೆ ಸರ್ಟಿಫಿಕೇಟ್: 5 ರೈತರು ಸೇರಿದರೆ ದಾರಿ ಐತಿ

ಡಾಬಕಾ, ಔರಾದ, ಭಾಲ್ಕಿ ಕಡೆ ರಾಸಾಯನಿಕ ಹಾಕದೆ ತೊಗರಿ, ಉದ್ದು ಬೆಳೆಯೋ ಯುವ ರೈತರೇ, ವಾಟ್ಸಾಪ್‌ನಲ್ಲಿ ಫೋಟೋ ಹಾಕಿದ ಕೂಡಲೇ ಗಿರಾಕಿ ಕೇಳೋದು ಒಂದೇ ಮಾತು: "ಸರ್ಟಿಫಿಕೇಟ್ ಐತೇನ್ರಿ?"

ಒಬ್ಬರೇ ಏಜೆನ್ಸಿಗೆ ಹಣ ಕಟ್ಟುವುದು ಸಣ್ಣ ರೈತರಿಗೆ ಭಾರ. ಅಂಥವರಿಗೆಂದೇ ಕೇಂದ್ರ ಸರ್ಕಾರದ ಪಿಜಿಎಸ್-ಇಂಡಿಯಾ ಪದ್ಧತಿ ಇದೆ. ಒಂದೇ ಊರಿನ ಅಥವಾ ಅಕ್ಕಪಕ್ಕದ ಊರಿನ ಕನಿಷ್ಠ 5 ರೈತರು ಗುಂಪು ಕಟ್ಟಿ, ಪ್ರಾದೇಶಿಕ ಮಂಡಳಿಯ ಮೂಲಕ ಹೆಸರು ನೋಂದಾಯಿಸಬೇಕು. ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ಪರಿವರ್ತನೆಯ ಅವಧಿಯಲ್ಲಿ 'ಪಿಜಿಎಸ್-ಗ್ರೀನ್', ಅದು ಪೂರ್ತಿಯಾದ ಮೇಲೆ 'ಪಿಜಿಎಸ್-ಆರ್ಗ್ಯಾನಿಕ್' ಗುರುತು ಸಿಗುತ್ತದೆ.

ಆದರೆ ಎಚ್ಚರ! ಗುಂಪಿನ ಒಬ್ಬರು ಸೋಯಾಕ್ಕೆ ಕದ್ದು ಕಳೆನಾಶಕ ಹೊಡೆದರೂ ಎಲ್ಲರ ಮಾತಿನ ಬೆಲೆ ಹೋಗುತ್ತದೆ. ಅದಕ್ಕೆ ಗೆಳೆತನ ನೋಡಿ ಅಲ್ಲ, ಹೊಲ ನೋಡಿ ಗುಂಪು ಕಟ್ಟಿ. ಪಕ್ಕದ ಹೊಲದ ಔಷಧಿ ಹಾರಿ ಬರದಂತೆ ಬದುವಿನ ಗುಂಟ ಗಿಡ ಬೆಳೆಸಿ. ಬೀಜ, ಗೊಬ್ಬರ, ರಾಶಿ, ಮಾರಾಟ ಎಲ್ಲವನ್ನೂ ಡೈರಿಯಲ್ಲಿ ಬರೆದಿಡಿ.

ಆನ್‌ಲೈನ್‌ನಲ್ಲಿ ಮಾರುವಾಗ 'ಗ್ರೀನ್' ಇದ್ದರೆ 'ಗ್ರೀನ್' ಅಂತಲೇ ಹೇಳಿ. ಡೈರಿಯ ಪುಟ, ಹೊಲದ ಫೋಟೋ ತೋರಿಸಿ. ವಿದೇಶಕ್ಕೆ ಕಳಿಸಲು ಮಾತ್ರ ಪಿಜಿಎಸ್ ಸಾಲದು, ಎನ್‌ಪಿಒಪಿ ಪ್ರಮಾಣಪತ್ರ ಬೇಕು. ಫೋಟೋ ಒಮ್ಮೆ ಗಿರಾಕಿ ತರ್ತದ. ಮುಂದಿನ ರಾಶಿಗೂ ಅವರು ಫೋನ್ ಮಾಡಬೇಕಂದ್ರೆ ನಂಬಿಕೆ ಉಳೀಬೇಕು.